ಮೊದಲು ಇಳಿಯುವವನು

ಅವರಿಬ್ಬರ ಮೊದಲ ಮಾತು ಜಗಳದ್ದು. ಈಗ ನೆನೆದರೆ ಅವಳಿಗೆ ನಗು ಬರುತ್ತದೆ. ಅಂದು ಮಾತ್ರ ಮೈಯೆಲ್ಲ ಉರಿದಿತ್ತು.

ಆಂಬುಲೆನ್ಸಿನ ಕೆಲಸಕ್ಕೆ ಸೇರಿ ಅವಳಿಗದು ಎರಡನೆಯ ದಿನ. ಎದೆಯ ಮೇಲೆ ಹೊಸ ಗುರುತಿನ ಚೀಟಿ, ಹೆಗಲಲ್ಲಿ ಔಷಧದ ಚೀಲ, ತಲೆಯ ತುಂಬ ತರಬೇತಿಯಲ್ಲಿ ಕಂಠಪಾಠ ಮಾಡಿದ ಪಾಠಗಳು. ಒಂದು ಮನೆಯ ಅಡುಗೆಕೋಣೆಯಲ್ಲಿ ಹೆಂಗಸೊಬ್ಬಳು ಪ್ರಜ್ಞೆ ತಪ್ಪಿ ಬಿದ್ದಿದ್ದಾಳೆಂದು ಕರೆ ಬಂದಿತ್ತು. ಗಾಡಿ ನಿಂತದ್ದೇ ತಡ, ಅವಳು ಬಿಟ್ಟ ಬಾಣದಂತೆ ಓಡಿದಳು. ಹೊಸ್ತಿಲು ದಾಟುವಷ್ಟರಲ್ಲಿ ಹಿಂದಿನಿಂದ ಯಾರೋ ಚೀಲದ ಪಟ್ಟಿ ಹಿಡಿದೆಳೆದರು. ಎಳೆದ ರಭಸಕ್ಕೆ ಎರಡು ಹೆಜ್ಜೆ ಹಿಂದೆ ಬಂದು ಗೋಡೆಗೆ ಒರಗಿದಳು.

"ಬಿಡ್ರೀ! ಏನ್ ಮಾಡ್ತಿದೀರಾ ನೀವು?"

"ಒಂದ್ ನಿಮಿಷ ಇಲ್ಲೇ ನಿಲ್ಲಿ ಮೇಡಂ."

ಗಾಡಿ ಓಡಿಸುವವನು. ಅವರ ಕಡೆ ಅಂಥವರನ್ನು ಪೈಲಟ್ ಎನ್ನುತ್ತಿದ್ದರು. ಅವನು ಮೂಗಿಗೆ ಕರ್ಚೀಫು ಒತ್ತಿಕೊಂಡು ಒಳಗೆ ಹೋದ. ಕಿಟಕಿಗಳು ತೆರೆದ ಸದ್ದಾಯಿತು. ಗ್ಯಾಸಿನ ಗಾಢ ವಾಸನೆ ಹೊರಗೆ ನುಗ್ಗಿ ಬಂದು ಅವಳ ಮುಖಕ್ಕೆ ಬಡಿದದ್ದು ಆಗ. ಆ ಹೆಂಗಸನ್ನು ಎರಡೂ ತೋಳಲ್ಲಿ ಎತ್ತಿ ತಂದು, ಹೊರಗಿನ ಗಾಳಿಯಲ್ಲಿ ಮಲಗಿಸಿ, "ಈಗ ನಿಮ್ಮ ಕೆಲ್ಸ," ಎಂದು ಪಕ್ಕಕ್ಕೆ ಸರಿದ.

ಹೆಂಗಸು ಬದುಕಿದಳು. ಆದರೆ ಆಸ್ಪತ್ರೆಯಿಂದ ಮರಳುವಾಗಲೂ ಇವಳ ಸಿಟ್ಟು ಇಳಿದಿರಲಿಲ್ಲ.

"ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ?"

"ಕೂಗಿದ್ನಲ್ಲ ಮೇಡಂ. ಏನ್ ಮಾಡೋದು, ನಿಮ್ಮ ಕಾಲಿಗೆ ಕಿವಿ ಇರ್ಲಿಲ್ಲ."

ಋಣಾನುಬಂಧ ಎಂಬುದು ಹೇಗೆ ಬಾಗಿಲು ತಟ್ಟುತ್ತದೋ ಬಲ್ಲವರಾರು? ಕೆಲವರಿಗೆ ಹೂವಿನಂತೆ ಬರುತ್ತದೆ. ಇವಳಿಗೆ ಚೀಲದ ಪಟ್ಟಿ ಹಿಡಿದು ಎಳೆದುಕೊಂಡು ಬಂತು.

ಅಲ್ಲಿಂದ ಐದು ವರ್ಷ ಅವರಿಬ್ಬರದೂ ಒಂದೇ ಗಾಡಿ. ಮನೆಯಲ್ಲಿ ಬಟ್ಟೆ ಹೊಲಿಯುವ ತಾಯಿಯ ಜೊತೆ ಕಳೆದದ್ದಕ್ಕಿಂತ ಹೆಚ್ಚು ಹೊತ್ತನ್ನು ಅವಳು ಆ ಬಿಳಿ ಪೆಟ್ಟಿಗೆಯೊಳಗೆ ಕಳೆದಳು. ಆಂಬುಲೆನ್ಸಿನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳನ್ನು ಊರೆಲ್ಲ ಸಿಸ್ಟರ್ ಎಂದೇ ಕರೆಯುತ್ತಿತ್ತು. ಅವನೊಬ್ಬ ಮಾತ್ರ ಮೇಡಂ ಎನ್ನುತ್ತಿದ್ದ. ಔಷಧದ ಉಗ್ರಾಣ ನೋಡಿಕೊಳ್ಳುವ ಹಿರಿಯಳು, ಎಲ್ಲರ ಬಾಯಲ್ಲೂ ಅಕ್ಕ, ಒಮ್ಮೆ ಕೇಳಿಯೇ ಬಿಟ್ಟಳು.

"ಅಲ್ಲ ಕಣಯ್ಯ, ಎಲ್ರೂ ಸಿಸ್ಟರ್ ಅಂದ್ರೆ ನೀನ್ಯಾಕೆ ಅನ್ನಲ್ಲ?"

"ಬಾಯಿಗೆ ಬರಲ್ಲ ಅಕ್ಕ."

"ಬಾಯಿಗೆ ಬರಲ್ವೋ, ಮನಸ್ಸಿಗೆ ಬರಲ್ವೋ?"

ಅವನು ಚಕ್ರದ ಗಾಳಿ ನೋಡಲು ಹೊರಟುಹೋದ. ಆ ದಿನ ಆ ಚಕ್ರಕ್ಕೆ ಮೂರು ಸಲ ಗಾಳಿ ನೋಡಿದ.

ಚಾಲಕನ ತಲೆಯ ಮೇಲೆ ಒಂದು ಚಿಕ್ಕ ಕನ್ನಡಿಯಿತ್ತು. ನಡುವಿನ ಗಾಜಿನ ಕಿಂಡಿಯಿಂದ ಹಿಂದೆ ರೋಗಿ ಹೇಗಿದ್ದಾನೆಂದು ನೋಡುವುದಕ್ಕೆ. ರೋಗಿಯನ್ನು ಇಳಿಸಿ ಖಾಲಿ ಗಾಡಿ ಮರಳುವಾಗಲೂ ಆ ಕನ್ನಡಿಯಲ್ಲಿ ಎರಡು ಕಣ್ಣು ಆಗಾಗ ಮಿನುಗುತ್ತಿದ್ದವು.

"ಯಾರನ್ನ ನೋಡ್ತಿದೀರಾ? ಸ್ಟ್ರೆಚರ್ ಖಾಲಿ ಇದೆ."

"ಆಕ್ಸಿಜನ್ ಸಿಲಿಂಡರ್ ನೋಡ್ದೆ."

"ಸಿಲಿಂಡರ್ ಎಡಗಡೆ ಇದೆ. ನಾನು ಬಲಗಡೆ ಕೂತಿದೀನಿ."

"ಹೌದಾ? ಕನ್ನಡೀಲಿ ಎಡ ಬಲ ಗೊತ್ತಾಗಲ್ಲ ಮೇಡಂ."

ಅವಳು ಮುಖ ಕಿಟಕಿಯತ್ತ ತಿರುಗಿಸುತ್ತಿದ್ದಳು. ನಗು ಮಾತ್ರ ತಿರುಗುತ್ತಿರಲಿಲ್ಲ, ಗಾಜಿನ ಮೇಲೆ ಬಿದ್ದು ಅವನಿಗೇ ಕಾಣುತ್ತಿತ್ತು.

ಇಷ್ಟೆಲ್ಲ ಇದ್ದೂ ಇಬ್ಬರೂ ಬಾಯಿ ಬಿಡಲಿಲ್ಲ. ಸಂಸ್ಥೆಯಲ್ಲಿ ಒಂದು ನಿಯಮವಿತ್ತು, ಸಂಬಂಧಿಕರನ್ನು ಒಂದೇ ಗಾಡಿಗೆ ಹಾಕುವುದಿಲ್ಲವೆಂದು. ಹೇಳಿದರೆ ಕಳೆದುಕೊಳ್ಳುತ್ತೇವೆ, ಹೇಳದಿದ್ದರೆ ದಿನಕ್ಕೆ ಎಂಟು ಗಂಟೆ ಜೊತೆಗಿರುತ್ತೇವೆ. ಬಡವರ ಪ್ರೀತಿಗೂ ಒಂದು ಲೆಕ್ಕಾಚಾರ ಇರುತ್ತದಲ್ಲ.

ಆರನೆಯ ವರ್ಷದ ಮೊದಲಿಗೆ ಹೊಸ ಆದೇಶ ಬಂತು. ಗುತ್ತಿಗೆಯ ಮೇಲೆ ರೋಗಿಗಳ ಆರೈಕೆ ಮಾಡುವವರೆಲ್ಲ ಮತ್ತೆ ಪರೀಕ್ಷೆ ಕೊಡಬೇಕು. ಪಾಸಾದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ಅಲ್ಲಿಗೆ ಮುಗಿಯಿತು. ಅವಳು ಹೆದರಲಿಲ್ಲ. ನಿಂತ ಎದೆಯನ್ನು ಒತ್ತಿ ಒತ್ತಿ ಮತ್ತೆ ಹೊಡೆಯುವಂತೆ ಮಾಡಿದ ಕೈ ಅದು. ಪರೀಕ್ಷೆಗಿಡುವ ಗೊಂಬೆಯ ಮುಂದೆ ಯಾಕೆ ನಡುಗಬೇಕು?

ಪರೀಕ್ಷೆಯ ಕೋಣೆಯಲ್ಲಿ ನೆಲದ ಮೇಲೆ ರಬ್ಬರಿನ ಮನುಷ್ಯ ಮಲಗಿದ್ದ. ನರೆತ ಗಡ್ಡದ ಪರೀಕ್ಷಕರು ಓದಿದರು: "ರಸ್ತೆ ಬದೀಲಿ ಒಬ್ಬ ಬಿದ್ದಿದಾನೆ. ಶುರು ಮಾಡಮ್ಮ."

ಅವಳು ಮೊಣಕಾಲೂರಿದಳು, ಉಸಿರು ನೋಡಿದಳು, ನಾಡಿ ನೋಡಿದಳು, ಎದೆ ಒತ್ತತೊಡಗಿದಳು. ಒಂದೂ ತಪ್ಪಿಲ್ಲ. ತಾಳ ಹಾಕಿದಂತೆ ನಡೆಯಿತು ಕೈ. ಮುಗಿದ ಮೇಲೆ ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು.

"ಕೈ ಚಿನ್ನದಂಥದ್ದು. ಆದ್ರೆ ನೀನು ಸತ್ತು ಹೋದೆಯಲ್ಲಮ್ಮ."

"ಸರ್?"

ಅವರು ಬೆರಳು ತೋರಿದರು. ಗೊಂಬೆಯ ಕಾಲ ಬಳಿ ಕೆಂಪು ವೈರಿನ ತುಂಡೊಂದು ಸುರುಳಿಯಾಗಿ ಬಿದ್ದಿತ್ತು. "ಕರೆಂಟಿನ ತಂತಿ. ಜಾಗ ಅಪಾಯ ಇಲ್ಲದ್ದಾ ಅಂತ ಮೊದಲು ನೋಡ್ಬೇಕು, ಬಾಯಿ ಬಿಟ್ಟು ಹೇಳ್ಬೇಕು, ಆಮೇಲೆ ಹೆಜ್ಜೆ. ಮೊದಲ ದಿನದ ಮೊದಲ ಪಾಠ ಅದು. ಐದು ವರ್ಷ ಫೀಲ್ಡಲ್ಲಿದ್ದವಳು ಹೆಂಗೆ ಮರೆತೆ?"

ಹದಿನಾರು ದಿನ ಬಿಟ್ಟು ಇನ್ನೊಂದೇ ಅವಕಾಶ, ಅದು ಕೊನೆಯದು ಎಂದರು.

ಸುದ್ದಿ ಕೇಳಿ ಅಕ್ಕ ಹಣೆ ಚಚ್ಚಿಕೊಂಡಳು. "ಊರಿನವರನ್ನೆಲ್ಲ ಉಳಿಸಿದವಳು ಗೊಂಬೆ ಮುಂದೆ ಸತ್ತಳಲ್ಲೇ ನನ್ನವ್ವ!"

ಎಲ್ಲರೂ ನಕ್ಕರು, ಅವಳೂ ಅಳುತ್ತಲೇ ನಕ್ಕಳು. ಪೈಲಟ್ ನಗಲಿಲ್ಲ.

"ಮೇಡಂ, ಗಾಡಿ ನಿಂತ ಮೇಲೆ ಮೊದಲು ಇಳಿಯೋದು ಯಾರು?"

"ನೀವು."

"ಇಳಿದು?"

"ಸುತ್ತ ನೋಡ್ತೀರಿ. ಆಮೇಲೆ ನನ್ನ ಬಾಗಿಲು ಎರಡು ಸಲ ತಟ್ತೀರಿ."

ಹೇಳುತ್ತಿದ್ದಂತೆ ಅವಳ ಮಾತು ನಿಂತಿತು. ಐದು ವರ್ಷ, ಸಾವಿರಾರು ಬಾಗಿಲು. ಪ್ರತಿ ಬಾಗಿಲಲ್ಲೂ ಅವನು ಮೊದಲು ಇಳಿದು, ಮೇಲೆ ಕೆಳಗೆ ನೋಡಿ, ನಾಯಿಯಿದ್ದರೆ ಕಟ್ಟಿಸಿ, ಕುಡಿದು ಕೂಗಾಡುವವನನ್ನು ದೂರ ಸರಿಸಿ, ಆಮೇಲೆ ಬಾಗಿಲು ತಟ್ಟಿದ್ದ. ಆ ಸದ್ದಿಗೆ ಅವಳ ಕಾಲು ತಾನಾಗಿ ಇಳಿಯುತ್ತಿತ್ತು. ಜಾಗ ಹೇಗಿದೆಯೆಂದು ನೋಡುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿತ್ತು. ತಾಯಿಯ ಸೆರಗು ಹಿಡಿದ ಮಗು ದಾರಿ ನೋಡುವುದುಂಟೆ?

ಅವನು ಒದ್ದೆ ಬಟ್ಟೆ ತೆಗೆದುಕೊಂಡು ಗಾಡಿ ಒರೆಸಲು ಹೋದ.

ಮರುದಿನದ ಮೊದಲ ಕರೆಗೆ ಗಾಡಿ ನಿಂತಿತು. ಅವಳು ಕಾದಳು. ತಟ್ಟಿದ ಸದ್ದಿಲ್ಲ. ನೋಡಿದರೆ ಅವನು ಸ್ಟೇರಿಂಗ್ ಹಿಡಿದು ಕೂತೇ ಇದ್ದ.

"ಇಳೀರಿ, ಏನಾಯ್ತು?"

"ನೀವೇ ಇಳಿದು ನೋಡಿ ಮೇಡಂ. ಸರಿ ಇದ್ರೆ ನನ್ನ ಬಾಗಿಲು ತಟ್ಟಿ, ಬರ್ತೀನಿ."

"ಕಾಲು ನೋವಾ?"

"ಇಲ್ಲ."

ಅಷ್ಟೇ ಮಾತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಕನ್ನಡಿಯ ಕಣ್ಣುಗಳೂ ರಸ್ತೆಯನ್ನು ಬಿಟ್ಟು ಅಲುಗಲಿಲ್ಲ. ಕಾರಣ ಅವಳಿಗೆ ತಿಳಿಯದ್ದೇನಲ್ಲ. ಆದರೆ ಕಲಿಸುವವನು ಒಂದು ನಗು ನಗಬಾರದೆ? ಕೆಲಸ ಹೋಗುವವಳ ಜೊತೆ ಇನ್ನೇಕೆ ನಂಟು ಎಂದು ಈಗಿನಿಂದಲೇ ಕೈ ತೊಳೆದುಕೊಳ್ಳುತ್ತಿದ್ದಾನೆಯೇ? ಮನಸ್ಸೆಂಬುದು ಒಂದು ಸಲ ಕಹಿಯಾದರೆ ಬೆಲ್ಲವೂ ಬೇವಾಗುತ್ತದೆ.

ತಾಯಿ ಹೊಲಿಗೆ ಯಂತ್ರದ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಕೆಲಸ ಹೋದೀತೆಂಬ ಚಿಂತೆ ಅವಳಿಗೂ ಇತ್ತು. ಆದರೂ ದಾರ ಕಚ್ಚಿ ತುಂಡು ಮಾಡಿ, ಬೇರೆಯದನ್ನೇ ಕೇಳಿದಳು.

"ನಿಂಗೆ ಕೋಪ ಯಾಕೆ ಮಗಳೇ? ಅವನು ಈಗ ಇಳೀತಿಲ್ಲ ಅಂತಾನೋ, ಇಷ್ಟು ವರ್ಷ ಇಳಿದದ್ದು ನಿಂಗೆ ಕಾಣ್ಲಿಲ್ಲ ಅಂತಾನೋ?"

"ಅಮ್ಮಾ, ನೀನ್ ಹೊಲಿ ಸುಮ್ನೆ."

"ಹೊಲೀತಾನೇ ಇದೀನಿ. ಹರಿದಿರೋದು ಎಲ್ಲಿ ಅಂತ ಕಾಣ್ಬೇಕಲ್ಲ, ಅದಕ್ಕೆ ಕೇಳ್ದೆ."

ಒಂಬತ್ತನೆಯ ದಿನ. ಅರ್ಧ ಕಟ್ಟಿದ ಮನೆಯೊಂದರಲ್ಲಿ ಗಾರೆಯವನೊಬ್ಬ ಮೇಲಿನಿಂದ ಬಿದ್ದಿದ್ದ. ಅವಳು ಇಳಿದಳು, ನಿಂತಳು, ತಲೆಯೆತ್ತಿದಳು. ಗೋಡೆಯ ಅಂಚಿನಲ್ಲಿ ಇಟ್ಟಿಗೆಯ ರಾಶಿ ವಾಲಿಕೊಂಡಿತ್ತು. "ಯಾರೂ ಕೆಳಗೆ ನಿಲ್ಬೇಡಿ! ಮೊದಲು ಅದನ್ನ ಹಿಂದಕ್ಕೆ ತಳ್ಳಿಸಿ!" ಎಂದು ಕೂಗಿದಳು. ಕೂಗಿ, ಅವನ ಬಾಗಿಲು ತಟ್ಟಲೆಂದು ತಿರುಗಿದಾಗ ಕಂಡಳು. ಬಾಗಿಲು ಆಗಲೇ ಅರ್ಧ ತೆರೆದಿತ್ತು. ಅವನ ಒಂದು ಕಾಲು ನೆಲದ ಮೇಲಿತ್ತು. ಹಿಡಿಯನ್ನು ಹಿಡಿದ ಬೆರಳುಗಳು ರಕ್ತವಿಲ್ಲದಂತೆ ಬಿಳುಪೇರಿದ್ದವು. ಹಣೆಯಿಂದ ಬೆವರು ಇಳಿಯುತ್ತಿತ್ತು.

ಗಾರೆಯವನನ್ನು ಆಸ್ಪತ್ರೆಗೆ ಒಪ್ಪಿಸಿದ ಮೇಲೆ, ಗಾಡಿಯ ಹಿಂಬದಿ ತೊಳೆಯುತ್ತ ಅವಳು ಕೇಳಿದಳು.

"ದಿನಾ ಹೀಗೇನಾ?"

"ಹೆಂಗೆ?"

"ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ."

ಅವನು ಬಕೆಟ್ಟಿನ ನೀರನ್ನೇ ನೋಡುತ್ತ ನಿಂತ. "ನೀವು ಫೇಲಾಗಿದ್ದು ನನ್ನಿಂದ ಮೇಡಂ. ನೋಡ್ಕೋತೀನಿ ನೋಡ್ಕೋತೀನಿ ಅಂತ ನಿಮ್ಮ ಕಣ್ಣನ್ನೇ ಕಿತ್ಕೊಂಡೆ. ನಾಳೆ ಬೇರೆ ಯಾರೋ ಪೈಲಟ್ ಬಂದ್ರೆ, ಅವನು ನೋಡ್ದೇ ಇದ್ರೆ? ಅದು ಯೋಚಿಸಿ ಎಷ್ಟೋ ದಿನದಿಂದ ನಿದ್ದೆ ಇಲ್ಲ."

"ಅದನ್ನ ನಕ್ಕೊಂಡು ಹೇಳ್ಬಹುದಿತ್ತಲ್ಲ. ಕನ್ನಡೀನೂ ನೋಡ್ಲಿಲ್ಲ ನೀವು."

"ನೋಡಿದ್ರೆ ಇಳಿದು ಬಿಡ್ತಿದ್ದೆ," ಎಂದ ಅವನು. "ಪರೀಕ್ಷೆ ನಿಮಗೊಬ್ರಿಗೇ ಅಂದ್ಕೊಂಡ್ರಾ? ನೀವು ಒಬ್ರೇ ಮುಂದೆ ಹೋಗ್ತಿರೋದನ್ನ ಕೂತು ನೋಡೋದಿದೆಯಲ್ಲ..."

ಮಾತು ಮುಗಿಯಲಿಲ್ಲ. ಮುಗಿಸಬೇಕಾಗಿಯೂ ಇರಲಿಲ್ಲ. ಅವಳು ಕೈಗವಸು ಕಳಚಿ, ತನ್ನ ಕರ್ಚೀಫು ಅವನ ಕೈಗಿತ್ತಳು. "ಹಣೆ ಒರೆಸ್ಕೊಳ್ಳಿ," ಎಂದಳು. ಕರ್ಚೀಫಿನ ಜೊತೆ ಬೆರಳು ತಾಕಿತು. ಇಬ್ಬರೂ ಒಂದು ಕ್ಷಣ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಭಗವಂತನ ಕೃಪೆ ಕೆಲವೊಮ್ಮೆ ಸೋಪುನೀರಿನ ವಾಸನೆಯ ನಡುವೆಯೂ ಇಳಿಯುತ್ತದೆ.

ಹದಿನಾರನೆಯ ದಿನ ಅದೇ ಕೋಣೆ, ಅದೇ ಗೊಂಬೆ. "ಅಂಗಡಿಯೊಂದರಲ್ಲಿ ಒಬ್ಬ ಬಿದ್ದಿದಾನೆ, ಶುರು ಮಾಡಮ್ಮ," ಎಂದರು ಪರೀಕ್ಷಕರು. ಅವಳು ಬಾಗಿಲಲ್ಲೇ ನಿಂತಳು. ಮೇಲೆ ನೋಡಿದಳು, ಕೆಳಗೆ ನೋಡಿದಳು, ಎಡಕ್ಕೆ, ಬಲಕ್ಕೆ. ಮೂಲೆಯಲ್ಲಿ ಎಣ್ಣೆ ಚೆಲ್ಲಿದಂತೆ ಪ್ಲಾಸ್ಟಿಕ್ ಹಾಳೆಯೊಂದನ್ನು ಹಾಸಿದ್ದರು.

"ನೆಲ ಜಾರುತ್ತೆ. ಈ ಕಡೆಯಿಂದ ಹೋಗ್ತೀನಿ. ಉಳಿದ ಜಾಗದಲ್ಲಿ ಅಪಾಯ ಇಲ್ಲ, ಸರ್."

ಪರೀಕ್ಷಕರ ಗಡ್ಡದೊಳಗೆ ಒಂದು ನಗು ಸುಳಿಯಿತು. "ಈ ಸಲ ಬದುಕ್ದೆ. ಒಳಗೆ ಬಾ."

ಪಾಸಾದವರು ಕಚೇರಿಯ ಕಿಟಕಿಯಲ್ಲಿ ಗುತ್ತಿಗೆ ಮುಂದುವರಿಸುವ ಅರ್ಜಿ ತುಂಬಬೇಕಿತ್ತು. ಅವನು ಅವಳ ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದ. ಹೆಸರು, ವಿಳಾಸ, ರಕ್ತದ ಗುಂಪು ಎಲ್ಲ ಸರಾಗವಾಗಿ ಹೋಯಿತು. ಹನ್ನೊಂದನೆಯ ಸಾಲಿನಲ್ಲಿ ಪೆನ್ನು ನಿಂತಿತು. 'ಇದೇ ಸಂಸ್ಥೆಯಲ್ಲಿ ತಮ್ಮ ಸಂಬಂಧಿಕರು ಯಾರಾದರೂ ಇದ್ದಾರೆಯೇ?'

ಅವಳು ತಲೆಯೆತ್ತದೆ ಕೇಳಿದಳು. "ಪೈಲಟ್ರೇ, ಇದಕ್ಕೆ ಏನಂತ ಬರೀಲಿ?"

ಅವನು ಬಗ್ಗಿ ಓದಿದ. ಕಿವಿ ಕೆಂಪಗಾಯಿತು. "ಇದ್ದಾರೆ ಅಂತ ಬರೆದ್ರೆ... ಬೇರೆ ಗಾಡಿಗೆ ಹಾಕ್ತಾರೆ ಮೇಡಂ."

"ಗೊತ್ತು."

"ಅಲ್ಲಿ ಮೊದಲು ಇಳಿಯೋಕೆ ನಾನಿರಲ್ಲ."

"ಈಗ ನಂಗೆ ಇಳಿಯೋಕೆ ಬರುತ್ತೆ. ನೀವು ಸಂಜೆ ಮನೇಲಿದ್ರೆ ಸಾಕು."

ಅವನು ಅವಳ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಆಮೇಲೆ, "ಯೋಚಿಸಿ ಬರೀರಿ. ಪೆನ್ನಲ್ಲಿ ಬರೆದಿದ್ದು ಅಳಿಸೋಕಾಗಲ್ಲ," ಎಂದ.

ಅವಳು ಬರೆದಳು: 'ಇದ್ದಾರೆ'. ಮುಂದಿನ ಚೌಕ, ಏನು ಸಂಬಂಧ ಎಂಬುದು. ಕಾಗದವನ್ನು ಅವನತ್ತ ಸರಿಸಿ, "ಅದನ್ನ ನೀವೇ ತುಂಬಿ," ಎಂದಳು. ಅವನ ಅಕ್ಷರ ಕಾಗೆ ಕಾಲಿನಂತಿತ್ತು. ಬೆವರಿದ ಕೈಯಲ್ಲಿ ಎರಡೇ ಪದ ಬರೆದು ಮುಗಿಸಲು ಅವನಿಗೆ ಒಂದು ಯುಗ ಹಿಡಿಯಿತು.

ಗುಮಾಸ್ತ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ. "'ಆಗಲಿರುವ ಗಂಡ.' ಏನ್ರೀ ಇದು? ಆಗಲಿರುವ ಅನ್ನೋದು ನಮ್ಮಲ್ಲಿ ನಡೆಯಲ್ಲ."

"ಆದ್ಮೇಲೆ ಬಂದು ತಿದ್ಕೊಡ್ತೀವಿ ಸರ್," ಎಂದಳು ಅವಳು.

ಸಾಲಿನಲ್ಲಿ ನಿಂತಿದ್ದವರೆಲ್ಲ ಘೊಳ್ಳೆಂದರು. ಗುಮಾಸ್ತನೂ ನಕ್ಕು ಮುದ್ರೆ ಒತ್ತಿದ. ಹೊಸ ಗಾಡಿಯ ಆದೇಶ ಮುಂದಿನ ತಿಂಗಳ ಮೊದಲ ತಾರೀಕಿನಿಂದ ಎಂದ.

ಹೊರಗೆ ಬಂದಾಗ ಅವಳು ಬೆರಳು ಮಡಚಿ ಎಣಿಸಿದಳು. ಒಂದೇ ಗಾಡಿಯಲ್ಲಿ ಅವರಿಗೆ ಉಳಿದದ್ದು ಹನ್ನೊಂದು ದಿನ. ಆಮೇಲೆ ಎಷ್ಟೋ ವರ್ಷಗಳು ಒಂದೇ ಸೂರಿನಡಿ ಕಳೆದವು, ದೇವರು ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೂ ಆ ಹನ್ನೊಂದು ದಿನಗಳಷ್ಟು ಬೇಗ ಓಡಿದ ದಿನಗಳನ್ನು ಅವಳು ಮತ್ತೆ ಕಾಣಲಿಲ್ಲ.