ಪೈಪಿಲ್ಲದ ಆಂಬುಲೆನ್ಸ್

ಆಗಸ್ಟ್ 8, ಮಂಗಳವಾರ ಬೆಳಿಗ್ಗೆ 10.40ಕ್ಕೆ ಭ್ರಷ್ಟಾಚಾರ ನಿಗ್ರಹ ಠಾಣೆಗೆ ಬಂದ ಆಂಬುಲೆನ್ಸ್ ಚಾಲಕ ದೂರು ಹೇಳುವ ಮೊದಲು ಕುಡಿಯಲು ನೀರು ಕೇಳಿದ. ಅರ್ಧ ಲೋಟ ಕುಡಿದು, ಜೇಬಿನಿಂದ ನಾಲ್ಕು ತಿರುಪುಗಳನ್ನು ತೆಗೆದು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟ.

"ಏನಿದು?" ಇನ್ಸ್‌ಪೆಕ್ಟರ್ ಕೇಳಿದರು. ಆ ಠಾಣೆಗೆ ಬಂದು ಅವರಿಗೆ ಇನ್ನೂ ವರ್ಷ ತುಂಬಿರಲಿಲ್ಲ.

"ನನ್ನ ಗಾಡಿ ಒಳಗಿನ ಆಕ್ಸಿಜನ್ ಬೋರ್ಡಿಂದು, ಮೇಡಂ. ನಾನೇ ಬಿಚ್ಚಿದ್ದು."

ಹಿಂದಿನ ಗುರುವಾರ ಮಧ್ಯಾಹ್ನ ಅವನು ಉಬ್ಬಸದ ರೋಗಿಯೊಬ್ಬಳನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ. ಬಟ್ಟೆ ಹೊಲಿಯುವವಳು, ವಯಸ್ಸು ನಲವತ್ತೊಂದು. ಸಿಲಿಂಡರ್ ತುಂಬಿತ್ತು. ಆದರೆ ಗಾಡಿಯ ಗೋಡೆಗಿದ್ದ ಬೋರ್ಡಿನ ಗುಂಡಿ ತಿರುಗಿಸಿದರೆ ಮಾಸ್ಕಿಗೆ ಏನೂ ಬರಲಿಲ್ಲ. ಗಂಡ ಅದನ್ನು ಅವಳ ಮುಖಕ್ಕೆ ಒತ್ತಿ ಹಿಡಿದೇ ಇದ್ದ. ಆಸ್ಪತ್ರೆಗೆ ಇನ್ನೆರಡು ಸಿಗ್ನಲ್ ಇರುವಾಗ ಉಸಿರು ನಿಂತಿತು.

"ಆಮೇಲೆ ಬೋರ್ಡ್ ಬಿಚ್ಚಿ ನೋಡ್ದೆ. ಹಿಂದೆ ಸಿಲಿಂಡರಿಂದ ಬರೋ ಪೈಪೇ ಇಲ್ಲ."

"ಯಾರಿಗೆ ಹೇಳಿದ್ರಿ?"

"ಮೇಲಿನವರಿಗೆ. ಬಾಯಿ ಮುಚ್ಕೊಂಡಿರು ಅಂದ್ರು." ಅವನು ಉಳಿದ ನೀರು ಕುಡಿದ. "ಆಯಮ್ಮನ ಗಂಡ ನನ್ನ ಕೇಳ್ದ, ಮಾಸ್ಕ್ ನಾನು ಸರಿಯಾಗಿ ಹಿಡೀಲಿಲ್ವಾ ಅಣ್ಣಾ ಅಂತ."

12.15ಕ್ಕೆ ಎಫ್ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಆಂಬುಲೆನ್ಸ್ ಪೂರೈಸಿದ ಗುತ್ತಿಗೆದಾರನ ಹೆಸರಷ್ಟೇ ಇತ್ತು.

ಮರುದಿನ ಆರೋಗ್ಯ ಇಲಾಖೆಯ ಶೆಡ್ಡಿನಲ್ಲಿ ಪಂಚನಾಮೆ. ಹೊಸದಾಗಿ ಬಂದಿದ್ದ ಹನ್ನೆರಡು ಗಾಡಿಗಳ ಬೋರ್ಡುಗಳನ್ನೂ ಇಬ್ಬರು ಪಂಚರ ಎದುರು ಬಿಚ್ಚಲಾಯಿತು. ಮೂರರಲ್ಲಿ ತಾಮ್ರದ ಪೈಪ್ ಇತ್ತು. ಒಂಬತ್ತರಲ್ಲಿ ಬೋರ್ಡಿನ ಹಿಂದೆ ಬರೀ ತಗಡು. ಪಂಚರಲ್ಲಿ ಒಬ್ಬ, ಪಕ್ಕದ ಅಂಗಡಿಯ ಪಂಕ್ಚರ್ ಹಾಕುವವನು, ಸಹಿ ಮಾಡಿದ ಮೇಲೆ ಪೆನ್ನು ಹಿಂದಿರುಗಿಸುವುದನ್ನೇ ಮರೆತ.

ಗಾಡಿಗಳನ್ನು ಪರೀಕ್ಷಿಸಿ 'ಎಲ್ಲ ಸರಿಯಿದೆ' ಎಂದು ಪ್ರಮಾಣಪತ್ರ ಕೊಟ್ಟಿದ್ದವನು ಇಲಾಖೆಯ ಎಂಜಿನಿಯರ್. ದಿನಾಂಕ ಮೇ 14. ಅದನ್ನು ನೋಡಿದ ಹೆಡ್ ಕಾನ್‌ಸ್ಟೆಬಲ್ ತಲೆ ಕೆರೆದುಕೊಂಡ. ಯಾವ ತಾರೀಕು ಯಾವ ವಾರ ಎಂದು ಬಾಯಲ್ಲೇ ಹೇಳುತ್ತಿದ್ದ ಅವನಿಗೆ ಠಾಣೆಯಲ್ಲಿ 'ಕ್ಯಾಲೆಂಡರ್' ಎಂದೇ ಹೆಸರು. ಹೆಂಡತಿಯ ಹುಟ್ಟುಹಬ್ಬವೊಂದನ್ನು ಬಿಟ್ಟು ಉಳಿದದ್ದೆಲ್ಲ ನೆನಪಿರುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

"ಅವತ್ತು ಭಾನುವಾರ, ಮೇಡಂ. ಶೆಡ್ಡಿಗೆ ಬೀಗ ಇರುತ್ತೆ."

ಎಂಜಿನಿಯರನ್ನು ಕರೆಸಿದರು.

"ಭಾನುವಾರ ಗಾಡಿ ಎಲ್ಲಿ ನೋಡಿದ್ರಿ?"

ಎಂಜಿನಿಯರ್ ಪ್ರಮಾಣಪತ್ರದ ತಾರೀಕಿನ ಮೇಲೆ ಕಣ್ಣಾಡಿಸಿದ.

"ಸಹಿ ಎಲ್ಲಿ ಹಾಕಿದ್ರಿ?"

"ಮಂತ್ರಿಗಳ ಮನೇಲಿ." ಅವನು ಕನ್ನಡಕ ತೆಗೆದ. "ಊಟದ ಮೇಜಿನ ಮೇಲೆ ಹನ್ನೆರಡು ಪ್ರಮಾಣಪತ್ರ ಜೋಡಿಸಿಟ್ಟಿದ್ರು. ಗುತ್ತಿಗೆದಾರನೂ ಅಲ್ಲೇ ಕೂತಿದ್ದ. ಬೇಗ ಮುಗಿಸ್ರೀ ಅಂದ್ರು ಮಂತ್ರಿಗಳು."

"ಆಗಲ್ಲ ಅನ್ನಬಹುದಿತ್ತಲ್ಲ?"

"ನಿವೃತ್ತಿಗೆ ಏಳು ತಿಂಗಳಿತ್ತು."

ಆರೋಗ್ಯ ಮಂತ್ರಿಯ ಹೆಸರು ಕಡತಕ್ಕೆ ಬಂದದ್ದು ಹೀಗೆ. ಅದೇ ಸಂಜೆ ಇನ್ಸ್‌ಪೆಕ್ಟರ್ ಅವರ ಮೇಲಧಿಕಾರಿ ಫೋನ್ ಮಾಡಿ, "ಅವಸರ ಏನಿದೆ? ನಿಧಾನ ನೋಡಿ," ಎಂದರು. ವಾರದೊಳಗೆ ಚಾಲಕನಿಗೆ ದೂರದ ತಾಲೂಕಿಗೆ ವರ್ಗವಾಯಿತು. ಇನ್ಸ್‌ಪೆಕ್ಟರ್ ಎರಡನ್ನೂ ಕೇಸ್ ಡೈರಿಯಲ್ಲಿ ಸಮಯ ಸಮೇತ ಬರೆದಿಟ್ಟರು.

ಮಂತ್ರಿಗೆ ಇದರಿಂದ ಸಿಕ್ಕಿದ್ದೇನು ಎಂಬುದಕ್ಕೆ ಆಧಾರ ಬೇಕಿತ್ತು. ಅದು ಸಿಕ್ಕಿದ್ದು ಗುತ್ತಿಗೆದಾರನ ಕಚೇರಿಯ ಶೋಧನೆಯಲ್ಲಿ, ಕರೆಂಟ್ ಬಿಲ್ಲುಗಳ ನಡುವೆ. ಒಂದು ಎರಡಂತಸ್ತಿನ ಮನೆಯ ದಾನಪತ್ರ. ಕೊಟ್ಟವನು ಗುತ್ತಿಗೆದಾರ. ಪಡೆದವಳು ಮಂತ್ರಿಯ ತಂಗಿ.

ಆಗಸ್ಟ್ 19ರಂದು ಮಧ್ಯಾಹ್ನ 3ಕ್ಕೆ ಇನ್ಸ್‌ಪೆಕ್ಟರ್ ಆಕೆಯ ಮನೆಗೆ ಹೋದರು. ನಿವೃತ್ತ ನರ್ಸ್, ಮದುವೆಯಾದವಳಲ್ಲ. ಎರಡು ಕೋಣೆಯ ಬಾಡಿಗೆ ಮನೆ. ಸೋಸಿದ ಚಹಾ ತಂದಿಟ್ಟು ಎದುರು ಕೂತಳು.

"ಈ ಸಹಿ ನಿಮ್ದಾ?"

"ನಂದೇ. ಅಣ್ಣ ಹಾಕು ಅಂದ, ಹಾಕಿದೆ. ಓದಲಿಲ್ಲ."

"ಆ ಮನೆ ನೋಡಿದ್ದೀರಾ?"

"ಯಾವ ಮನೆ?"

ಇನ್ಸ್‌ಪೆಕ್ಟರ್ ವಿವರಿಸಿದರು. ಆಕೆ ನಂಬಲಿಲ್ಲ. ಯಾರೋ ಅಣ್ಣನನ್ನು ಸಿಕ್ಕಿಹಾಕಿಸುತ್ತಿದ್ದಾರೆ ಎಂದಳು. ಆಗ ಇನ್ಸ್‌ಪೆಕ್ಟರ್ ಪಂಚನಾಮೆಯ ಫೋಟೋ ಮುಂದಿಟ್ಟರು. ಮೂವತ್ತನಾಲ್ಕು ವರ್ಷ ವಾರ್ಡುಗಳಲ್ಲಿ ಓಡಾಡಿದ ಹೆಂಗಸು ಅದನ್ನು ಕಣ್ಣಿಗೆ ಹತ್ತಿರ ಹಿಡಿದಳು.

"ಪೈಪ್ ಎಲ್ಲಿ?"

"ಇಲ್ಲ."

"ಇದರಲ್ಲಿ ರೋಗಿ ಕರ್ಕೊಂಡು ಹೋದ್ರಾ?"

"ಒಬ್ಬರು ತೀರಿಕೊಂಡ್ರು."

ಚಹಾ ಆರಿತು. "ಅವನಿಗೆ ಗೊತ್ತಿತ್ತಾ?" ಎಂದು ಆಕೆ ಕೇಳಿದಾಗ ಇನ್ಸ್‌ಪೆಕ್ಟರ್ ಎಂಜಿನಿಯರನ ಹೇಳಿಕೆಯನ್ನು ಪೂರ್ತಿ ಓದಿದರು. ಅಪ್ಪ ಸತ್ತ ಮೇಲೆ ಓದು ಬಿಟ್ಟು ತನ್ನ ನರ್ಸಿಂಗ್ ಫೀಸು ಕಟ್ಟಿದವನು ಅಣ್ಣ ಎಂದು ಆಕೆ ಹೇಳಿದಳು. ಸೋಮವಾರ ತಾನೇ ಬಸ್ಸಿನಲ್ಲಿ ಬಂದು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟಳು.

ಮಂತ್ರಿಯ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಅನುಮತಿ ಬೇಕು. ಕಡತ ಎರಡು ಸಲ ಪ್ರಶ್ನೆಗಳೊಂದಿಗೆ ವಾಪಸ್ ಬಂತು. ಎರಡು ಸಲವೂ ಇನ್ಸ್‌ಪೆಕ್ಟರ್ ಮರುದಿನವೇ ಉತ್ತರ ಬರೆದು ಕಳಿಸಿದರು. ತಂಗಿಯ ಹೇಳಿಕೆ ಪತ್ರಿಕೆಗಳಲ್ಲಿ ಬಂದ ಮೇಲೆ ಕಡತವನ್ನು ಇಟ್ಟುಕೊಂಡು ಕೂರುವುದು ಯಾರಿಂದಲೂ ಆಗಲಿಲ್ಲ. ನವೆಂಬರ್ 6ರಂದು ಅನುಮತಿ ಬಂತು. ಮಂತ್ರಿ ರಾಜೀನಾಮೆ ಕೊಟ್ಟರು. 8ರಂದು ಬೆಳಿಗ್ಗೆ 7.20ಕ್ಕೆ ಅವರನ್ನು ಮನೆಯಲ್ಲೇ ಬಂಧಿಸಲಾಯಿತು. ಗೇಟಿನ ಹತ್ತಿರ ದಿನವೂ ಸೇರುತ್ತಿದ್ದ ಜನ ಅಂದು ಇರಲಿಲ್ಲ.

ಠಾಣೆಯಲ್ಲಿ ಅವರು ವಕೀಲರಿಗೆ ಕಾಯದೆ ಮಾತಾಡಿದರು.

"ನಾನೊಂದು ಸಲ ಸೋತಿದ್ದೆ, ಗೊತ್ತಾ? ಆ ಐದು ವರ್ಷ ಯಾರ ಆಫೀಸಿಗೆ ಹೋದ್ರೂ ಹೊರಗೆ ಬೆಂಚಲ್ಲಿ ಕೂರಿಸೋರು. ನಾನೇ ಕೆಲಸ ಕೊಡಿಸಿದ ಗುಮಾಸ್ತ ನನ್ನ ಗುರುತು ಹಿಡೀಲಿಲ್ಲ. ಮುಂದಿನ ಚುನಾವಣೆಗೆ ಈ ಗುತ್ತಿಗೆದಾರ ದುಡ್ಡು ಹಾಕಿದ. ಗೆದ್ದೆ. ಆಮೇಲೆ ಅವನು ಕೇಳಿದ್ದಕ್ಕೆ ಇಲ್ಲ ಅನ್ನೋಕೆ ಆಗಲಿಲ್ಲ."

"ಪೈಪ್ ಇಲ್ಲ ಅಂತ ಗೊತ್ತಿತ್ತಾ?"

"ಕೇಳಲಿಲ್ಲ. ಕೇಳಿದ್ರೆ ಹೇಳ್ತಿದ್ದ," ಎಂದರು.

ಬಂಧನದ ಮೆಮೊ ತುಂಬುತ್ತಿದ್ದ ಕ್ಯಾಲೆಂಡರ್ ಕೊನೆಯ ಕಾಲಂಗೆ ಬಂದಿದ್ದ. "ಬಂಧನದ ವಿಷಯ ಯಾರಿಗೆ ತಿಳಿಸಬೇಕು, ಸರ್?"

ಅವರು ತಂಗಿಯ ನಂಬರ್ ಹೇಳಿದರು, ನೋಡಿಕೊಳ್ಳದೆ, ಬಾಯಲ್ಲೇ.

ಮೊದಲ ರಿಂಗಿಗೇ ಆಕೆ ಎತ್ತಿದಳು. ಕ್ಯಾಲೆಂಡರ್ ಹೇಳಿದ್ದನ್ನು ಕೊನೆತನಕ ಕೇಳಿಸಿಕೊಂಡು, "ಬಿಪಿ ಮಾತ್ರೆ ನುಂಗಿದ್ದಾನಾ ಕೇಳಿ," ಎಂದಳು.

ನುಂಗಿರಲಿಲ್ಲ. ಇನ್ಸ್‌ಪೆಕ್ಟರ್ ಮಾತ್ರೆಯ ಹೆಸರು ಬರೆದುಕೊಂಡು ಕಾನ್‌ಸ್ಟೆಬಲ್ ಒಬ್ಬನನ್ನು ಔಷಧಿ ಅಂಗಡಿಗೆ ಕಳಿಸಿದರು. ಸಮಯ 9.05 ಎಂದು ಡೈರಿಯಲ್ಲಿ ಬರೆದರು.