ಕಡ್ಡಿಯ ಅಭಿಪ್ರಾಯ

ಆ ಗ್ರಂಥಾಲಯದಲ್ಲಿ ಒಂದು ಹಳೆಯ ನಿಯಮವಿತ್ತು. ಪುಸ್ತಕ ವಾಪಸು ಕೊಡುವವರು ಹಿಂದಿನ ರಟ್ಟಿನ ಒಳಬದಿಗೆ ಅಂಟಿಸಿದ ಚೀಟಿಯಲ್ಲಿ ತಮ್ಮ ಅಭಿಪ್ರಾಯ ಬರೆಯಲೇಬೇಕು. ಬರೆಯದಿದ್ದರೆ ಮುಂದಿನ ಪುಸ್ತಕ ಇಲ್ಲ. ನಿಯಮ ಮಾಡಿದ ಪುಣ್ಯಾತ್ಮ ಏನು ಕನಸು ಕಂಡಿದ್ದನೋ, ಜನ ಮಾತ್ರ 'ಚೆನ್ನಾಗಿದೆ' ಎಂದು ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ಅಡುಗೆ ಪುಸ್ತಕವೂ ಚೆನ್ನಾಗಿದೆ, ಕೊಲೆಯ ಕಥೆಯೂ ಚೆನ್ನಾಗಿದೆ.

ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕ ಹೊಲಿಯುವ ಬೈಂಡರ್ ಆ ಚೀಟಿಗಳನ್ನು ಓದುವುದು ಬಿಟ್ಟು ವರ್ಷಗಳಾಗಿದ್ದವು. ಅವಳಿಗೆ ಮೂವತ್ತಾರು. ಬೆರಳ ತುದಿಯಲ್ಲಿ ಸದಾ ಒಣಗಿದ ಅಂಟು, ಮೂಗಿನ ಮೇಲೆ ಸದಾ ಜಾರುವ ಕನ್ನಡಕ. ಒಂದು ದಿನ, ಹಿಂದೊಮ್ಮೆ ತಾನೇ ಹೊಲಿದಿದ್ದ ದಪ್ಪನೆಯ ಪ್ರೇಮ ಕಾದಂಬರಿಯೊಂದರ ಸವೆದ ರಟ್ಟು ಕಿತ್ತಾಗ ಅದರ ಚೀಟಿ ಕಣ್ಣಿಗೆ ಬಿತ್ತು.

'ನಾಯಕಿ ಹದಿನೇಳು ಸಲ ಅಳುತ್ತಾಳೆ. ಒಂದು ಸಲವೂ ಮೂಗು ಒರೆಸಿಕೊಳ್ಳುವುದಿಲ್ಲ. ನಂಬುವುದು ಹೇಗೆ?'

ಅವಳು ನಕ್ಕ ಸದ್ದಿಗೆ ಕೌಂಟರಿನಿಂದ ಚಿಕ್ಕಮ್ಮ ಎದ್ದು ಬಂದಳು. ಚಿಕ್ಕಮ್ಮನೇ ಅಲ್ಲಿಯ ಲೈಬ್ರೇರಿಯನ್. ಗಲಾಟೆ ಮಾಡಬೇಡಿ ಎಂದು ಬೋರ್ಡು ಬರೆಸಿದವಳೂ ಅವಳೇ, ಅಲ್ಲಿ ಅತಿ ಹೆಚ್ಚು ಮಾತಾಡುವವಳೂ ಅವಳೇ.

"ಯಾರು ಚಿಕ್ಕಮ್ಮ, ಇದನ್ನ ಬರೆದಿದ್ದು?"

"ಮೂಲೆಯ ಕನ್ನಡಕದ ಅಂಗಡಿಯವನು. ಮಾತೆಲ್ಲ ಕಡ್ಡಿ ಮುರಿದ ಹಾಗೆ. ನಾನು ಕಡ್ಡಿ ಅಂತಲೇ ಕರೆಯೋದು. ಎದುರಿಗಲ್ಲ."

"ಮದುವೆ?"

ಚಿಕ್ಕಮ್ಮ ಹುಬ್ಬೇರಿಸಿದಳು. "ಕಾರ್ಡಲ್ಲಿ ಮನೆಯಲ್ಲಿರುವವರು ಅನ್ನೋ ಜಾಗ ಖಾಲಿ ಬಿಟ್ಟಿದ್ದಾನೆ. ಯಾಕೆ, ನಿನಗೇನು?"

"ನನಗೇನು? ಸುಮ್ಮನೆ ಕೇಳಿದೆ."

ಸುಮ್ಮನೆ ಕೇಳಿದವಳು ಆ ವಾರವಿಡೀ ಕಡ್ಡಿ ಓದಿದ ಪುಸ್ತಕಗಳನ್ನೆಲ್ಲ ಹುಡುಕಿ ತೆಗೆದಳು. ಸೇನಾಪತಿಯೊಬ್ಬನ ಆತ್ಮಕಥೆಗೆ ಅವನು ಬರೆದಿದ್ದ: 'ಸೋತ ಯುದ್ಧಕ್ಕೆ ಮೂರು ಸಾಲು, ತಿಂದ ಊಟಕ್ಕೆ ಮೂವತ್ತು ಪುಟ.' ಜೇನುಹುಳುಗಳ ಪುಸ್ತಕಕ್ಕೆ: 'ಬರೆದವನು ಕಚ್ಚಿಸಿಕೊಂಡಿದ್ದಾನೆ. ನಂಬಬಹುದು.' ನಿದ್ದೆ ಬರಿಸುವ ಉಪಾಯಗಳ ಪುಸ್ತಕಕ್ಕೆ: 'ಮೂರನೇ ಪುಟಕ್ಕೇ ಕೆಲಸ ಮಾಡಿತು.' ತಾಯಿ ಸತ್ತ ಮೇಲೆ ಮಗಳೊಬ್ಬಳು ಬರೆದ ತೆಳುವಾದ ಪುಸ್ತಕಕ್ಕೆ ಮಾತ್ರ ಅವನು ಕಡ್ಡಿ ಮುರಿದಿರಲಿಲ್ಲ. 'ಇದನ್ನು ಓದಿದ ಮೇಲೆ ಸ್ವಲ್ಪ ಹೊತ್ತು ದೀಪ ಹಚ್ಚಬೇಕು ಅನ್ನಿಸಲಿಲ್ಲ' ಎಂದಷ್ಟೇ ಇತ್ತು. ಅವಳು ಆ ಸಾಲನ್ನು ನಾಲ್ಕು ಸಲ ಓದಿದಳು.

ಮರುದಿನ ಕನ್ನಡಕದ ಅಂಗಡಿಗೆ ಹೋದಳು.

"ಜಾರುತ್ತೆ," ಎಂದು ಕನ್ನಡಕ ಮುಂದಿಟ್ಟಳು.

ಅವನು ಕನ್ನಡಕವನ್ನು ನೋಡಲಿಲ್ಲ. ಅವಳ ಮುಖವನ್ನು ನೋಡಿದ, ಅಳತೆ ತೆಗೆಯುವವನ ಹಾಗೆ, ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಕನ್ನಡಕವಿಲ್ಲದೆ ಅವಳಿಗೆ ಅವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಕಾಣದಿದ್ದರೂ ಕೆನ್ನೆ ಬಿಸಿಯಾಯಿತು.

"ತಪ್ಪು ಕನ್ನಡಕದ್ದಲ್ಲ. ನಿಮ್ಮ ಎಡಗಿವಿ ಬಲಗಿವಿಗಿಂತ ಒಂದು ಕೂದಲೆಳೆ ಮೇಲಿದೆ."

"ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ."

"ಯಾರೂ ನೋಡಿರಲಿಲ್ಲ."

ಅವನು ಕನ್ನಡಕದ ಕಡ್ಡಿಯನ್ನು ಬಿಸಿ ಮರಳಿನಲ್ಲಿ ಹುದುಗಿಸಿ, ತೆಗೆದು, ಹೆಬ್ಬೆರಳಿನಿಂದ ಚೂರೇ ಚೂರು ಬಗ್ಗಿಸಿ, ತಾನೇ ಅವಳ ಕಿವಿಗೆ ಏರಿಸಿದ. ಲೋಹ ಇನ್ನೂ ಬೆಚ್ಚಗಿತ್ತು. ಬೆರಳು ಎಡಗಿವಿಯ ಹಿಂದೆ ಅರೆಗಳಿಗೆ ನಿಂತು ಹಿಂದೆ ಸರಿಯಿತು. ಅವನ ಮುಖ ಈಗ ಸ್ಪಷ್ಟವಾಗಿ ಕಂಡಿತು. ನಗಲೋ ಬೇಡವೋ ಎಂದು ಯೋಚಿಸುತ್ತಿರುವ ಮುಖ.

"ನೀವು ಲೈಬ್ರರಿಯವರು ಅಲ್ವಾ? ಆ ಅಳುವ ಕಾದಂಬರಿ ಹೊಲಿದದ್ದು ನೀವೇನಾ?"

"ಹೌದು."

"ಹೊಲಿಗೆ ಕಥೆಗಿಂತ ಗಟ್ಟಿ."

ಪ್ರೀತಿಯಲ್ಲಿ ಬೀಳಲು ಇಷ್ಟು ಸಾಕೇ ಎಂದು ಕೇಳುವವರು ಕೇಳಲಿ. ಅವಳಿಗೆ ಸಾಕಾಯಿತು.

ಅಲ್ಲಿಂದ ಹನ್ನೊಂದು ತಿಂಗಳು ಅವನು ಶನಿವಾರ ಪುಸ್ತಕ ಒಯ್ದ, ಸೋಮವಾರ ತಂದ. ಒಯ್ಯುವಾಗಲೂ ತರುವಾಗಲೂ ಹಿಂದಿನ ಕೋಣೆಯ ಬಾಗಿಲಲ್ಲಿ ಐದು ನಿಮಿಷ ನಿಂತ. ಅವಳು ಸೂಜಿ ಆಡಿಸುತ್ತ ತಲೆ ಎತ್ತದೆ ಮಾತಾಡುತ್ತಿದ್ದಳು, ಎತ್ತಿದರೆ ಸೂಜಿ ಬೆರಳಿಗೆ ಚುಚ್ಚುತ್ತಿತ್ತು.

"ಎರಡೇ ದಿನಕ್ಕೆ ಹೇಗೆ ಮುಗಿಸ್ತೀರಿ?"

"ಭಾನುವಾರ ಪೂರ್ತಿ ಓದೋದೇ ಕೆಲಸ."

"ಸುಳ್ಳು ಸಾಲು ಯಾವುದು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ಜೋರಾಗಿ ಓದಿ ನೋಡಿ. ಸುಳ್ಳು ನಾಲಿಗೆಗೆ ಸಿಕ್ಕಿಕೊಳ್ಳುತ್ತೆ."

ಒಂಟಿ ಮನೆಯಲ್ಲಿ ಗೋಡೆಗೆ ಪುಸ್ತಕ ಓದಿ ಹೇಳುವ ಗಂಡಸನ್ನು ನೆನೆದು ಅವಳಿಗೆ ನಗುವೂ ಬಂತು, ಪಾಪವೂ ಅನ್ನಿಸಿತು. ಆದರೆ ಹನ್ನೊಂದು ತಿಂಗಳಲ್ಲಿ ಅವನು ಬಾಗಿಲ ಹೊಸಿಲು ದಾಟಲಿಲ್ಲ. ಕಾಫಿಗೆ ಕರೆದರೆ ಅಂಗಡಿ ತೆರೆದಿದೆ ಎಂದ. ಭಾನುವಾರ ಸಿಗುತ್ತೀರಾ ಎಂದರೆ ಇಲ್ಲ ಎಂದ. ಇದು ಆಗಿಹೋಗುವ ಮಾತಲ್ಲ ಎಂದು ಅವಳ ಒಳಗಿನ ಬುದ್ಧಿ ಹೇಳುತ್ತಲೇ ಇತ್ತು. ಅವಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಳು.

ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಅದಕ್ಕೇ ಅವಳು ಪುಸ್ತಕ ಬರೆದಳು. ಆ ಹನ್ನೊಂದರಲ್ಲಿ ಕೊನೆಯ ನಾಲ್ಕು ತಿಂಗಳು, ಊಟದ ಬಿಡುವಿನಲ್ಲಿ, ಲೈಬ್ರರಿಯ ಕಂಪ್ಯೂಟರಿನಲ್ಲಿ. ಒಬ್ಬ ದರ್ಜಿಯ ಹುಡುಗಿ, ಒಬ್ಬ ಗಡಿಯಾರ ರಿಪೇರಿಯವನು. ಹುಡುಗಿ ಕಾಯುತ್ತಾಳೆ. ಕೊನೆಯ ಎಂಟು ಪುಟಗಳಲ್ಲಿ ಅವನು ಬಂದು ಬಾಗಿಲು ತಟ್ಟುತ್ತಾನೆ. ಲೇಖಕರ ಹೆಸರಿಲ್ಲದೆ ಅದನ್ನು ಅಚ್ಚು ತೆಗೆದು, ಹೊಲಿದು, ಬೆನ್ನಿಗೆ ನಂಬರ್ ಅಂಟಿಸಿ, ಶನಿವಾರ ಬೆಳಿಗ್ಗೆ ಹೊಸ ಪುಸ್ತಕಗಳ ಕಪಾಟಿನಲ್ಲಿಟ್ಟಳು. ಕಡ್ಡಿ ಅದನ್ನೇ ಎತ್ತಿಕೊಂಡ. ಭಾನುವಾರ ಅವಳು ಅನ್ನ ಬಿಸಿಗಿಟ್ಟು ಮರೆತು ತಳ ಹಿಡಿಸಿದಳು.

ಸೋಮವಾರ ಅವನು ಹಿಂದಿನ ಕೋಣೆಗೆ ಬರಲಿಲ್ಲ. ಪುಸ್ತಕವನ್ನು ಕೌಂಟರಿನಲ್ಲಿಟ್ಟು ಹೊರಟುಹೋದ. ಅವಳು ಹಿಂದಿನ ರಟ್ಟು ತೆರೆದು ಚೀಟಿ ನೋಡಿದಳು.

'ಚೆನ್ನಾಗಿದೆ.'

ಅಷ್ಟೇ. ಬೇರೆ ಯಾರು ಬರೆದಿದ್ದರೂ ಅದು ಹೊಗಳಿಕೆ. ಅವನು ಬರೆದದ್ದರಿಂದ ಮುಖಕ್ಕೆ ಹೊಡೆದ ಹಾಗಾಯಿತು. ಅವಳು ಏಪ್ರನ್ ಕೂಡ ಬಿಚ್ಚದೆ, ಪುಸ್ತಕ ಹಿಡಿದು ಕನ್ನಡಕದ ಅಂಗಡಿಗೆ ನಡೆದಳು.

"ಓದಿದಿರಾ?"

"ಓದಿದೆ."

"ಯಾರದ್ದು ಅಂತ ಗೊತ್ತಾಯ್ತಾ?"

ಅವನು ಒರೆಸುತ್ತಿದ್ದ ಗಾಜನ್ನು ಕೆಳಗಿಟ್ಟ. "ನಿಮ್ಮ ಲೈಬ್ರರಿಯ ಯಾವ ಪುಸ್ತಕಕ್ಕೂ ರೇಷ್ಮೆ ದಾರದ ಹೊಲಿಗೆ ಇಲ್ಲ. ಬೇರೆಯವರ ಪುಸ್ತಕಕ್ಕೆ ಯಾರೂ ಇಷ್ಟು ಚೆಂದ ಬೈಂಡ್ ಮಾಡಲ್ಲ. ಅದೂ ಅಲ್ಲದೆ, ಆ ಹುಡುಗಿಯ ಎಡಗಿವಿ ಒಂದು ಕೂದಲೆಳೆ ಮೇಲಿದೆ."

ಅವಳಿಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. "ಹಾಗಾದ್ರೆ ಯಾಕೆ ಸುಳ್ಳು ಬರೆದ್ರಿ?"

ಅವನು ಸ್ಟೂಲು ಎಳೆದು ಅವಳಿಗೆ ಕೊಟ್ಟ. ತಾನು ನಿಂತೇ ಇದ್ದ.

"ನನಗೆ ಹೆಂಡತಿ ಇದ್ದಾಳೆ. ಆರು ವರ್ಷದ ಹಿಂದೆ ತಲೆಗೆ ಪೆಟ್ಟಾಯ್ತು. ಆರೈಕೆ ಕೇಂದ್ರದಲ್ಲಿದ್ದಾಳೆ, ಬಸ್ಸಲ್ಲಿ ಎರಡು ಗಂಟೆ. ನನ್ನ ಗುರುತಿಲ್ಲ ಅವಳಿಗೆ. ಆದ್ರೆ ಏನಾದ್ರೂ ಓದೋಕೆ ಶುರು ಮಾಡಿದ್ರೆ ನನ್ನ ಕಡೆ ಮುಖ ತಿರುಗಿಸ್ತಾಳೆ. ನಿಲ್ಲಿಸಿದ್ರೆ ಕಿಟಕಿ ಕಡೆ. ಅದಕ್ಕೇ ಭಾನುವಾರ ಪೂರ್ತಿ ಓದ್ತೀನಿ."

"ಮೊದಲೇ ಹೇಳಬಹುದಿತ್ತು."

"ಹೇಳಬೇಕಿತ್ತು. ಹೇಳಿದ್ರೆ ಆ ಬಾಗಿಲಲ್ಲಿ ನಿಲ್ಲೋಕೆ ಆಗ್ತಿರಲಿಲ್ಲ."

ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು.

"ನಿಮ್ಮದನ್ನೂ ಅವಳಿಗೆ ಓದೋಕೆ ಕೂತೆ," ಎಂದ ಅವನು. "ಮೂವತ್ತು ಪುಟ ಓದಿದೆ. ಆ ಕಿವಿಯ ಜಾಗ ಬಂತು. ಮುಂದೆ ಆಗಲಿಲ್ಲ. ಅವಳು ಕಿಟಕಿ ಕಡೆ ತಿರುಗಿದಳು. ಆರು ವರ್ಷದಲ್ಲಿ ಅವಳ ಮುಂದೆ ಓದೋಕಾಗದ ಪುಸ್ತಕ ಇದೊಂದೇ. ಉಳಿದದ್ದು ಬಸ್ಸಲ್ಲಿ ಓದಿದೆ. ಓದ್ತಾ ಓದ್ತಾ ಕೈಲಿದ್ದ ಚೀಲ ಬಸ್ಸಲ್ಲೇ ಬಿಟ್ಟು ಇಳಿದೆ."

ಹನ್ನೊಂದು ತಿಂಗಳು ಕಾದ ಮಾತು ಅದೇ ಎಂದು ಅವಳಿಗೆ ಅರ್ಥವಾಯಿತು. ಬಂದ ಕೂಡಲೇ ಮುಗಿದುಹೋಯಿತು ಎಂಬುದೂ ಅರ್ಥವಾಯಿತು.

"ಈಗ ನಿಜ ಹೇಳಿ. ಪುಸ್ತಕ ಹೇಗಿದೆ?"

"ಕೊನೆ ಎಂಟು ಪುಟ ಬಿಟ್ಟು ಎಲ್ಲ ನಂಬಬಹುದು. ಅವನು ಬಾಗಿಲು ತಟ್ಟಲ್ಲ."

"ತಟ್ಟಿದ್ರೆ?"

"ಭಾನುವಾರ ಯಾರೋ ಕಾಯ್ತಿರ್ತಾರೆ ಅಂತ ಗೊತ್ತಿದ್ದೂ ತಟ್ಟಿದ್ರೆ, ನಾಲ್ಕು ದಿನಕ್ಕೆ ನಿಮಗೇ ಅವನ ಮೇಲೆ ನಂಬಿಕೆ ಹೋಗುತ್ತೆ."

ಅವಳು ಏಪ್ರನ್ ಜೇಬಿನಿಂದ ಚಾಕು ತೆಗೆದು, ಪುಸ್ತಕವನ್ನು ಅಗಲಿಸಿ, ಕೊನೆಯ ಹಾಳೆಗಳ ಕಟ್ಟಿನ ರೇಷ್ಮೆ ದಾರ ಕತ್ತರಿಸಿದಳು. ಎಂಟು ಪುಟ ಅವಳ ಕೈಗೆ ಬಂದವು. ಕಣ್ಣೀರೂ ಬಂತು. ಅಂಟು ಮೆತ್ತಿದ ತೋಳಿನಿಂದ ಅವಳು ಮೂಗು ಒರೆಸಿಕೊಂಡಳು.

"ಇದನ್ನ ನಂಬಬಹುದು," ಎಂದ ಅವನು ಮೆಲ್ಲಗೆ. ಇಬ್ಬರೂ ನಕ್ಕರು. ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಅವನು ಡ್ರಾಯರಿನಿಂದ ಲೈಬ್ರರಿ ಕಾರ್ಡು ತೆಗೆದು ಅವಳ ಮುಂದಿಟ್ಟ. "ಸ್ಟೇಷನ್ ಹತ್ತಿರ ಇನ್ನೊಂದು ಲೈಬ್ರರಿ ಇದೆ. ಇನ್ನು ಅಲ್ಲಿಂದ ತಗೊಳ್ತೀನಿ."

"ಅಲ್ಲಿ ಚೀಟಿ ಇಲ್ಲ."

"ಗೊತ್ತು."

ಅವಳು ಎಂಟು ಪುಟಗಳನ್ನು ಹರಿಯಲು ಹೋದಾಗ ಅವನು ಕೈ ಚಾಚಿದ.

"ಅದನ್ನ ನನಗೆ ಕೊಡ್ತೀರಾ?"

"ಸುಳ್ಳು ಅಂದ್ರಲ್ಲ."

"ಹೂಂ. ಸುಳ್ಳೇ."

ಕೊಟ್ಟಳು. ಅವನು ಪುಟಗಳನ್ನು ಉದ್ದಕ್ಕೆ ಮಡಚಿ, ಮತ್ತೆ ಮಡಚಿ, ಖಾಲಿ ಕನ್ನಡಕದ ಡಬ್ಬಿಯೊಳಗಿಟ್ಟು ಮುಚ್ಚಿದ.

ಆ ಪುಸ್ತಕ ಈಗಲೂ ಕಪಾಟಿನಲ್ಲಿದೆ. ಒಯ್ದವರೆಲ್ಲ ಚೀಟಿಯಲ್ಲಿ ಬೈದು ಬರೆಯುತ್ತಾರೆ: ಕೊನೆಯ ಪುಟಗಳಿಲ್ಲ, ಅವನು ಬಂದನೋ ಇಲ್ಲವೋ ತಿಳಿಯಲಿಲ್ಲ, ದಯವಿಟ್ಟು ಸರಿಪಡಿಸಿ. ಕಂಪ್ಯೂಟರಿನಲ್ಲಿ ಇದೆಯಲ್ಲ, ಮತ್ತೆ ಅಚ್ಚು ತೆಗೆದು ಹೊಲಿದುಬಿಡು, ನನಗೆ ಬೈಸಿಕೊಂಡು ಸಾಕಾಯ್ತು ಎನ್ನುತ್ತಾಳೆ ಚಿಕ್ಕಮ್ಮ. ಬೈಂಡರ್ ಹೂಂ ಎನ್ನುತ್ತಾಳೆ. ಆಮೇಲೆ ಪೆನ್ಸಿಲ್ ತೆಗೆದು, ಪ್ರತಿ ದೂರಿನ ಕೆಳಗೂ ಲೈಬ್ರರಿಯವರು ಬರೆಯುವ ಹಾಗೆಯೇ ಬರೆಯುತ್ತಾಳೆ: 'ಎಂಟು ಪುಟ ಎರವಲು ಹೋಗಿವೆ. ವಾಪಸು ಬರುವುದಿಲ್ಲ.'