ಒದ್ದೆ ಬೆರಳಿನ ಗುರುತು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಹಾಡಹಗಲೇ ನಡೆದದ್ದು.

ಆಸ್ಪತ್ರೆಯಿಂದ ಮನೆಗೆ ಹೊರಟಿದ್ದ ಸೊಸೆಯೊಬ್ಬಳು ಅತ್ತೆಯನ್ನು ಕೈಹಿಡಿದು ಕರೆತಂದು ಬಾಗಿಲ ಬಳಿಯ ಬೆಂಚಿನಲ್ಲಿ ಕೂರಿಸಿದಳು. ಆ ಅಜ್ಜಿಯ ಎರಡೂ ಕಣ್ಣಿಗೆ ಬ್ಯಾಂಡೇಜು.

"ಈ ಟ್ಯಾಬ್‌ನಲ್ಲಿ ಪುಸ್ತಕ ತೆರೆದ್ರೆ ಪುಟ ತಾನಾಗೇ ತಿರುಗುತ್ತೆ. ಸರಿ ಮಾಡಿ, ಇಲ್ಲಾಂದ್ರೆ ಎಲ್ಲಾ ಅಳಿಸಿ ಕೊಡಿ, ಮಗಳ ಪಾಠಕ್ಕಾಗುತ್ತೆ."

ಟಚ್ ಗಾಜು ಕೆಟ್ಟರೆ ಹೀಗಾಗುವುದುಂಟು. ಹೊಸ ಗಾಜು ಕೂರಿಸಿ, ಒರೆಸಿ, ಪುಸ್ತಕ ತೆರೆದು ಮೇಜಿನ ಮೇಲಿಟ್ಟೆ. ಪುಟ ತಿರುಗಿತು. ಕೆಟ್ಟ ಗಾಜಾದರೆ ಹುಚ್ಚುಹುಚ್ಚಾಗಿ ತಿರುಗಿಸುತ್ತದೆ, ಇದು ಹಾಗಲ್ಲ. ಕುತೂಹಲಕ್ಕೆ ನಾನೂ ಓದತೊಡಗಿದೆ. ನಾನು ಕೊನೆಯ ಸಾಲು ಮುಗಿಸಿ ಕೊಂಚ ಕಾದ ಮೇಲೆ, ನನಗಿಂತ ನಿಧಾನವಾಗಿ ಓದುವವರು ಸರಿಸಿದಂತೆ, ಪುಟ ಸರಿಯುತ್ತಿತ್ತು. ಪ್ರತಿ ಸಲವೂ ಗಾಜಿನ ಬಲಮೂಲೆಯಲ್ಲಿ ಒಂದು ಒದ್ದೆ ಗುರುತು. ಒರೆಸಿದರೆ ಬಟ್ಟೆ ಬೆಚ್ಚಗಾಗುತ್ತಿತ್ತು.

"ಇದರ ಮೇಲೆ ನೀರೇನಾದ್ರೂ ಬಿದ್ದಿತ್ತಾ?"

"ನೀರಲ್ಲ, ಎಂಜಲು!" ಸೊಸೆ ನಕ್ಕಳು. "ನಮ್ಮತ್ತೆ ಕಾಗದದ ಪುಸ್ತಕ ಅನ್ನೋ ಹಾಗೆ ಬೆರಳು ನಾಲಿಗೆಗೆ ಒತ್ಕೊಂಡೇ ಪುಟ ತಿರುಗಿಸೋರು. ಹೇಳೀ ಹೇಳೀ ಸಾಕಾಯ್ತು. ಕಣ್ಣಿನ ಆಪರೇಷನ್ ಆದ್ಮೇಲೆ ಅವ್ರು ಇದನ್ನ ಮುಟ್ಟೇ ಇಲ್ಲ."

ಬೆಂಚಿನತ್ತ ನೋಡಿದೆ. ಅಜ್ಜಿ ಕೈಕಟ್ಟಿ ಸುಮ್ಮನೆ ಕೂತಿದ್ದರು. ಇನ್ನು ತಲೆ ಕೆಡಿಸಿಕೊಳ್ಳುವುದು ಬೇಡವೆಂದು, ಪುಸ್ತಕದಿಂದ ಹೊರಬಂದು ಸೆಟ್ಟಿಂಗ್ಸ್ ತೆರೆದು, ಎಲ್ಲವನ್ನೂ ಅಳಿಸುವ ಗುಂಡಿಯತ್ತ ಬೆರಳು ಒಯ್ದೆ.

"ತಾಳಪ್ಪ," ಎಂದರು ಅಜ್ಜಿ, ಇತ್ತ ತಿರುಗದೆಯೇ. "ಇನ್ನೆರಡೇ ಪುಟ ಇದೆ."

ಪುಸ್ತಕಕ್ಕೆ ಮರಳಿ ಕೆಳ ಅಂಚಿನ ಪುಟಸಂಖ್ಯೆ ನೋಡಿದೆ. ಎರಡೇ ಉಳಿದಿದ್ದವು.